ತಲೆಗೊಂದು ಮಂಡಿಗೆ

ತಲೆ ಎಣಿಸಿ ಸಿಹಿ ಮಾಡುವವನ ಬಾಳಿನಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ಅವೇ ನನ್ನ ಮನೆ ಕೇಳಿಕೊಂಡು ಬರುತ್ತವೆ.

ನಾನು ಬೆಳಗಾವಿ ಕಡೆಯವನು. ಕಸುಬು ಮಂಡಿಗೆ ಮಾಡುವುದು. ಮೀಸೆ ಮೂಡುವ ಹೊತ್ತಿಗೆ ಪುಣೆಗೆ ಬಂದು ಶನಿವಾರ ಪೇಟೆಯಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ವಾಡೆಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದೆ. ಇಲ್ಲಿಯೇ ಮದುವೆಯಾಯಿತು, ಇಲ್ಲಿಯೇ ತಲೆ ನರೆಯಿತು. ಪುಣೆಯ ಕನ್ನಡ ಮನೆಗಳಲ್ಲಿ ಮದುವೆ, ಮುಂಜಿ, ಸಮಾರಾಧನೆ ಏನಿದ್ದರೂ ನನಗೆ ಹೇಳಿಕಳಿಸುತ್ತಿದ್ದರು.

ಮಂಡಿಗೆ ನೋಡದವರಿಗಾಗಿ ಎರಡು ಮಾತು. ಕಣಕದ ಉಂಡೆಯೊಳಗೆ ಖೋವಾ, ಸಕ್ಕರೆ, ತುಪ್ಪ ತುಂಬಿ ಲಟ್ಟಿಸಬೇಕು. ಆಮೇಲೆ ಅದನ್ನು ಎರಡೂ ಮುಂಗೈ ಮೇಲೆ ಹಾಕಿಕೊಂಡು ಹಳೇ ಧೋತರದಷ್ಟು ತೆಳ್ಳಗೆ ಎಳೆಯಬೇಕು. ಬೋರಲು ಹಾಕಿದ ಕಾದ ಬಾಣಲೆಯ ಮೇಲೆ ಹೊದಿಸಿ, ಬಿಸಿ ಇರುವಾಗಲೇ ಮಡಿಚಬೇಕು. ಆರಿದ ಮೇಲೆ ಗರಿಗರಿಯಾಗುತ್ತದೆ. ಎಲೆಯಲ್ಲಿಟ್ಟುಕೊಂಡು, ಮೇಲೆ ಬಿಸಿ ಹಾಲು ಸುರಿದುಕೊಂಡು ತಿನ್ನುವುದು. ಮನಸ್ಸಿನಲ್ಲೇ ಮಂಡಿಗೆ ತಿನ್ನುವವರು ಊರ ತುಂಬ ಇದ್ದಾರೆ, ಮಾಡುವವರು ಮಾತ್ರ ಕಡಿಮೆ.

ಇದು ಎಲೆಗೆ ಒಂದೇ ಬಡಿಸುವ ಸಿಹಿ. ಲಾಡು ಸಾಲದಿದ್ದರೆ ಕತ್ತರಿಸಿ ಎರಡು ಮಾಡಬಹುದು. ಪಾಯಸ ಸಾಲದಿದ್ದರೆ ಹಾಲು ಬೆರೆಸಿ ಸೌಟನ್ನು ಸ್ವಲ್ಪ ಓರೆ ಹಿಡಿಯಬಹುದು. ಮಂಡಿಗೆಯನ್ನು ಮುರಿದರೆ ಎರಡಾಗುವುದಿಲ್ಲ, ಇಪ್ಪತ್ತಾಗುತ್ತದೆ. ಚೂರನ್ನು ಯಾರ ಎಲೆಗೂ ಹಾಕುವಂತಿಲ್ಲ, ಹಾಕಿದರೆ ಅವರು ಮೊಮ್ಮಕ್ಕಳ ಕಾಲದವರೆಗೆ ಮರೆಯುವುದಿಲ್ಲ. ಆದ್ದರಿಂದ ನನ್ನ ಮಾನವೆಲ್ಲ ಎಣಿಕೆಯ ಮೇಲೆ ನಿಂತಿತ್ತು. ಮದುವೆಯಾದ ಮೇಲೆ ಇಪ್ಪತ್ತು ವರ್ಷ ಯಾರ ಮನೆಯಲ್ಲೂ ಒಂದು ಮಂಡಿಗೆ ಕಡಿಮೆ ಬೀಳಲಿಲ್ಲ. ಜನ ನನ್ನ ಹೆಸರು ಬಿಟ್ಟು "ತಲೆಗೊಂದು ಆಚಾರ್ರು" ಎಂದೇ ಕರೆಯುತ್ತಿದ್ದರು. ಅದು ಕೇಳಿದಾಗ ನನಗೆ ಹೆಮ್ಮೆಯಾಗುತ್ತಿತ್ತು. ಮುಚ್ಚಿಡುವುದೇಕೆ, ಬಹಳವೇ ಹೆಮ್ಮೆಯಾಗುತ್ತಿತ್ತು.

ನನ್ನ ಹೆಂಡತಿ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ಕಾಶಿಯಲ್ಲಿ ಬಿಟ್ಟದ್ದು

ಇದು ನನ್ನ ಮದುವೆಗೆ ಮೊದಲಿನ ಮಾತು. ಕಸಬಾ ಪೇಟೆಯ ಕಡೆಯ ಒಬ್ಬ ಅರಿವೆ ವ್ಯಾಪಾರಿಗಳು ತಮ್ಮ ಬಳಗದ ಹನ್ನೆರಡು ಮಂದಿ ಹಿರಿಯರನ್ನು ತಮ್ಮ ಖರ್ಚಿನಲ್ಲಿ ಕಾಶಿಗೆ ಕಳಿಸಿ, ಅವರು ಮರಳಿ ಬಂದ ಮೇಲೆ ಸಮಾರಾಧನೆ ಇಟ್ಟುಕೊಂಡರು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಪದಾರ್ಥವನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಜನ್ಮವಿರುವ ತನಕ ತಿನ್ನಬಾರದು ಎಂಬುದು ರೂಢಿ.

ವ್ಯಾಪಾರಿಗಳು ಹೇಳಿದರು: "ಒಟ್ಟು ಐವತ್ತು ಎಲಿ ಆಚಾರ್ರ. ಆದರ ಹನ್ನೆರಡು ಮಂಡಿಗಿ ಕಡಿಮಿ ಮಾಡ್ರಿ. ಹಿರೇರೆಲ್ಲಾ ಕಾಶಿಯೊಳಗ ಸಿಹಿ ಬಿಟ್ಟು ಬಂದಾರ."

"ಅವರನ್ನ ಕೇಳೀರೇನ್ರಿ?" ಎಂದೆ.

"ಕೇಳೂದೇನು? ಪ್ರಿಯವಾದದ್ದು ಬಿಡಬೇಕು, ಅವರಿಗೆ ಪ್ರಿಯವಾದದ್ದು ಸಿಹಿ. ಇದಕ್ಕಿಂತ ಹೆಚ್ಚಿಗಿ ಏನ್ ಕೇಳೂದದ?"

ತರ್ಕ ಸರಿಯಾಗಿಯೇ ಇತ್ತು. ಮೂವತ್ತೆಂಟು ಮಾಡಿದೆ. ಸಿಹಿ ಇಲ್ಲದ ಹಿರಿಯರಿಗೆ ಬೇಜಾರಾಗದಿರಲಿ ಎಂದು ಅವರ ಪಾಲಿಗೆ ಒಂದು ದೊಡ್ಡ ಪಾತೇಲಿ ತುಂಬ ಹಾಗಲಕಾಯಿ ಪಲ್ಯ ಮಾಡಿಸಿದರು.

ಪಲ್ಯ ಬಂದಾಗ ಮೊದಲನೆಯ ಅಜ್ಜ ಎಲೆಗೆ ಕೈ ಅಡ್ಡ ಹಿಡಿದ. "ಬ್ಯಾಡಪಾ, ಕಾಶಿಯೊಳಗ ಬಿಟ್ಟೀನಿ." ಎರಡನೆಯವರೂ ಅದನ್ನೇ ಹೇಳಿದರು. ಮೂರನೆಯ ಅಜ್ಜಿಯೂ ಅದನ್ನೇ ಹೇಳಿದಳು. ಹನ್ನೆರಡೂ ಮಂದಿ ಗಂಗೆಯಲ್ಲಿ ನಿಂತು ಬಿಟ್ಟು ಬಂದದ್ದು ಹಾಗಲಕಾಯಿಯನ್ನು. ಅಷ್ಟು ದೂರ ಹೋಗಿ ಬಿಡುವಷ್ಟು ಪ್ರೀತಿ ಅದರ ಮೇಲೆ ಯಾರಿಗಿತ್ತೋ ಗಂಗೆಗೇ ಗೊತ್ತು.

ಮಂಡಿಗೆ ಬಂದಾಗ ಮಾತ್ರ ಹನ್ನೆರಡು ಕೈಗಳೂ ಎಲೆ ಬಿಟ್ಟು ಮಡಿಲು ಸೇರಿದವು. ವ್ಯಾಪಾರಿಗಳು ನನ್ನ ಮುಖ ನೋಡಿದರು, ನಾನು ಸೂರು ನೋಡಿದೆ. ಕೊನೆಗೆ ಅವರು ತಮ್ಮ ಹೆಂಡತಿ ಮಕ್ಕಳು, ತಮ್ಮ, ತಮ್ಮನ ಸಂಸಾರ ಎಲ್ಲರನ್ನೂ ಪಂಕ್ತಿಯಿಂದ ಎಬ್ಬಿಸಿ ಎಲೆ ಖಾಲಿ ಮಾಡಿಸಿದರು. ಸರಿಯಾಗಿ ಹನ್ನೆರಡು ಮಂದಿಯಾದರು. ಪಾತೇಲಿ ತುಂಬ ಇದ್ದ ಹಾಗಲಕಾಯಿ ಪಲ್ಯವನ್ನು ಒಳಗೆ ಕೂತು ಅವರೇ ತಿಂದರು.

ಅಂದಿನಿಂದ ನಾನು ಯಾರ ಮಾತೂ ಕೇಳದೆ, ಪಂಕ್ತಿಯಲ್ಲಿ ಎಷ್ಟು ಎಲೆ ಬೀಳುತ್ತವೆ ಎಂದು ನಾನೇ ಎಣಿಸುವ ರೂಢಿ ಇಟ್ಟುಕೊಂಡೆ. ಕಾಶಿಗೆ ಹೋಗದೆಯೇ ಮಂಡಿಗೆ ಬಿಟ್ಟವರು ಪುಣೆಯಲ್ಲಿ ಆ ಒಂದು ಮನೆಯವರೇ ಇರಬೇಕು.

ಸಾಹೇಬರ ಬಟ್ಟಲು

ಮದುವೆಯಾದ ಹೊಸದರಲ್ಲಿ ಕ್ಯಾಂಪಿನ ಒಂದು ದಂಡಿನ ಕಚೇರಿಯ ಹೆಡ್ ಕ್ಲಾರ್ಕ್ ನಮ್ಮ ಖೋಲಿಗೆ ಬಂದರು. ಅವರೂ ಬೆಳಗಾವಿಯವರೇ. ಅಲ್ಲಿ ತಾಯಿ ಒಬ್ಬರೇ ಇದ್ದರು, ಊರಿಗೆ ವರ್ಗ ಬೇಕಾಗಿತ್ತು. ಅದಕ್ಕಾಗಿ ಗೋರಾ ಸಾಹೇಬನನ್ನು ಮನೆಗೆ ಊಟಕ್ಕೆ ಕರೆದಿದ್ದರು.

"ಸಾಹೇಬಗ ಮಂಡಿಗಿ ನಡೆಯೂದಿಲ್ರಿ," ಎಂದರು. "ಕೋಟಿನ ಮ್ಯಾಲ ಚೂರು ಬಿದ್ದರ ಸಿಟ್ಟಿಗೇಳತಾನ. ಅವರ ಪದ್ಧತಿ ಬ್ಯಾರೆ, ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಬಟ್ಟಲದಾಗ ಸಿಹಿ ಇಡಬೇಕು, ಚಮಚಾ ಹಾಕಬೇಕು. ಹಂತಾದ್ದೇನರೆ ಮಾಡ್ರಿ."

ನಾನು ಯೋಚಿಸಿ ಗಸಗಸೆ ಪಾಯಸ ಎಂದೆ. ನುಣ್ಣಗಿರುತ್ತದೆ, ಬೆಳ್ಳಗಿರುತ್ತದೆ, ಬಟ್ಟಲಲ್ಲಿ ಚೆನ್ನಾಗಿ ಕಾಣುತ್ತದೆ. ಆರು ಪಿಂಗಾಣಿ ಬಟ್ಟಲು ತರಿಸಿ ತುಂಬಿಟ್ಟೆವು. ನನ್ನ ಹೆಂಡತಿ ಒಂದೊಂದರ ಮೇಲೂ ಒಂದೊಂದು ಬಾದಾಮಿ ಇಟ್ಟಳು. ನನ್ನದೊಂದು ತಪ್ಪಾಯಿತು. ಗಸಗಸೆಯನ್ನು ನಮ್ಮವರ ಅಳತೆಗೆ ಹಾಕಿದ್ದೆ. ನಮ್ಮವರು ಹೇಗೂ ಊಟವಾದ ಮೇಲೆ ಒಂದು ಗಳಿಗೆ ಅಡ್ಡಾಗುವವರು. ಸಾಹೇಬನ ರಕ್ತಕ್ಕೆ ಗಸಗಸೆ ಹೊಸದು.

ಸಾಹೇಬ ಒಂದು ಬಟ್ಟಲು ಮುಗಿಸಿ ತಲೆ ಆಡಿಸಿದ. ಎರಡನೆಯದು ಕೇಳಿದ. ಮೂರನೆಯದನ್ನು ಕೇಳದೆಯೇ ಎಳೆದುಕೊಂಡ. ಹೆಡ್ ಕ್ಲಾರ್ಕರು ಎಂಟು ದಿನದಿಂದ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಮಾತನ್ನು ಶುರು ಮಾಡಬೇಕೆಂದು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, "ಸರ್" ಎಂದರು. ಸಾಹೇಬ ಆರಾಮ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ.

ಎಬ್ಬಿಸುವುದು ಯಾರು? ಮಧ್ಯಾಹ್ನವೆಲ್ಲ ಆ ಮನೆಯ ಮಕ್ಕಳು ತುದಿಗಾಲಲ್ಲಿ ಓಡಾಡಿದರು. ಹೆಡ್ ಕ್ಲಾರ್ಕರು ಗುಂಡಿ ಹಾಕಿಕೊಂಡೇ ನಿಂತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸಾಹೇಬ ಕಣ್ಣು ಬಿಟ್ಟ. ಈ ದೇಶಕ್ಕೆ ಬಂದ ಮೇಲೆ ನಾನು ಇಷ್ಟು ಒಳ್ಳೆಯ ನಿದ್ದೆ ಮಾಡಿಯೇ ಇಲ್ಲ ಎಂದ. ಆಗ ಇವರು ಧೈರ್ಯ ಮಾಡಿ ವರ್ಗದ ಮಾತು ತೆಗೆದರು. ಸಾಹೇಬ ಇವರ ಕೈ ಹಿಡಿದು, ನಿನ್ನಂಥವನನ್ನು ನಾನು ಪುಣೆ ಬಿಟ್ಟು ಹೋಗಲು ಬಿಡುವುದಿಲ್ಲ, ಬರುವ ರವಿವಾರವೂ ಬರುತ್ತೇನೆ ಎಂದುಬಿಟ್ಟ.

ನಾಲ್ಕು ತಿಂಗಳು ಪ್ರತಿ ರವಿವಾರ ಬಂದು ಮೂರು ಬಟ್ಟಲು ಕುಡಿದು ಮಲಗಿ ಹೋದ. ಐದನೆಯ ತಿಂಗಳು ಬೆಳಗಾವಿಗೆ ವರ್ಗವಾಯಿತು. ವರ್ಗವಾದದ್ದು ಸಾಹೇಬನಿಗೆ.

ಟಾಂಗಾದಲ್ಲಿ ಬಂದ ದೇವರು

ಸ್ವಾರಗೇಟದ ಕಡೆ ಒಂದು ಮದುವೆ. ಎಂಬತ್ತು ಮಂಡಿಗೆಗಳನ್ನು ಮನೆಯಲ್ಲೇ ಮಾಡಿ, ದೊಡ್ಡ ಬಿದಿರು ಬುಟ್ಟಿಯಲ್ಲಿ ಹೆಂಡತಿ ಒಂದರ ಮೇಲೊಂದು ಹೊಂದಿಸಿಕೊಟ್ಟದ್ದಕ್ಕೆ ಮಡಿ ಬಿಳಿ ವಸ್ತ್ರ ಮುಚ್ಚಿ, ಟಾಂಗಾದಲ್ಲಿ ಇಟ್ಟೆ. ಒಂದು ಕುಲುಕಿಗೆ ನಾಲ್ಕು ಮುರಿಯುತ್ತವೆ. ಆದ್ದರಿಂದ ಕುದುರೆಯನ್ನು ನಡೆಸಿಕೊಂಡೇ ಹೋಗಬೇಕು ಎಂದು ಟಾಂಗಾದವನಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದೆ. ಅವನು ಇಳಿದು ಕುದುರೆಯ ಲಗಾಮು ಹಿಡಿದು ಮುಂದೆ ನಡೆದ. ನನ್ನ ಹೆಂಡತಿ ಹಾಲಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಡೆದಳು. ನಾನು ಮಡಿಯುಟ್ಟು, ಗೋಪಿಚಂದನ ಹಚ್ಚಿಕೊಂಡು, ಎರಡೂ ಕೈ ಬುಟ್ಟಿಯ ಮೇಲಿಟ್ಟು, ಉಸಿರು ಬಿಗಿಹಿಡಿದು ಕೂತಿದ್ದೆ.

ತುಳಸಿಬಾಗದ ಹತ್ತಿರ ಒಬ್ಬ ಅಜ್ಜಿ ನಿಂತು ನೋಡಿದಳು. ಕೈ ಮುಗಿದಳು. ಸೊಂಟದಿಂದ ಕುಂಕುಮದ ಭರಣಿ ತೆಗೆದು ಬುಟ್ಟಿಯ ವಸ್ತ್ರಕ್ಕೆ ಹಚ್ಚಿದಳು. ಅದನ್ನು ನೋಡಿ ಇನ್ನಿಬ್ಬರು ಬಂದರು. ಹೂವಿನವಳೊಬ್ಬಳು ಒಂದು ಮೊಳ ಹೂವು ಏರಿಸಿದಳು. ನಾನು ಅಲುಗಾಡುವಂತಿರಲಿಲ್ಲ.

"ಕುಠಲಾ ದೇವ?" ಎಂದು ಅಜ್ಜಿ ಕೇಳಿದಳು. ಯಾವ ದೇವರು ಅಂತ.

ಬಾಯಿ ಬಿಟ್ಟರೆ ಎಲ್ಲಿ ಬುಟ್ಟಿ ವಾಲುತ್ತದೋ ಎಂದು ನಾನು ಸುಮ್ಮನಿದ್ದೆ. ಟಾಂಗಾದವನೇ ನನ್ನ ಪರವಾಗಿ, "ಬೆಳಗಾವಿಯ ದೇವರು, ಸ್ವಾರಗೇಟಕ್ಕೆ ಹೊರಟಿದೆ," ಎಂದು ಮರಾಠಿಯಲ್ಲಿ ಹೇಳಿದ. ಪ್ರಸಾದ ಉಂಟೇ ಎಂದು ಅಜ್ಜಿ ಕೇಳಿದ್ದಕ್ಕೆ, ಮಧ್ಯಾಹ್ನ ಉಂಟು ಎಂದೂ ಹೇಳಿದ. ಅವನ ಗಂಟೇನು ಹೋಗಬೇಕಾಗಿತ್ತು?

ಮದುವೆ ಮನೆ ಮುಟ್ಟುವಾಗ ಟಾಂಗಾದ ಹಿಂದೆ ಹನ್ನೊಂದು ಮಂದಿ ಹೆಂಗಸರು ಹಾಡು ಹೇಳುತ್ತ ಬರುತ್ತಿದ್ದರು. ಹೆಣ್ಣಿನ ತಾಯಿ ಬಾಗಿಲಿಗೆ ಬಂದು, ಹೂ ಕುಂಕುಮ ಕಂಡು, ಏನು ಎತ್ತ ಕೇಳದೆ ಬುಟ್ಟಿಗೆ ಆರತಿ ಎತ್ತಿದರು. ಹನ್ನೊಂದು ಮಂದಿಯೂ ಪ್ರಸಾದಕ್ಕೆಂದು ಪಂಕ್ತಿಯಲ್ಲಿ ಕೂತರು. ಮುತ್ತೈದೆಯರನ್ನು ಮದುವೆ ಮನೆಯಿಂದ ಎಬ್ಬಿಸುವುದುಂಟೆ?

ಎಂಬತ್ತಕ್ಕೆ ಹನ್ನೊಂದು ಹೆಚ್ಚಾಯಿತು. ನಾನು ಮಾನ ಹೋಯಿತೆಂದು ಕಣ್ಣು ಮುಚ್ಚಿಕೊಂಡೇ ಬಡಿಸಿದೆ. ಮಂಡಿಗೆ ಎಲ್ಲರಿಗೂ ಸಾಲಿತು, ಮೇಲೆ ಒಂದು ಉಳಿಯಿತು. ಇದು ಹೇಗೆ ಎಂದು ಹೆಂಡತಿಯನ್ನು ಕೇಳಿದೆ.

"ನನ್ನೇನ ಕೇಳತೀರಿ," ಎಂದಳು ಅವಳು. "ದೇವರು ನಿಮ್ಮ ಬುಟ್ಟ್ಯಾಗ ಇತ್ತು."

ಒತ್ತಾಯದ ಮಂಡಿಗೆ

ಪುಣೆಯಲ್ಲಿ ಊಟಕ್ಕೆ ಕರೆದವರು ಒತ್ತಾಯ ಮಾಡದಿದ್ದರೆ ಕರೆದಂತೆ ಅಲ್ಲ. ಉಣ್ಣುವವರು ಮೂರು ಸಲ ಬೇಡವೆನ್ನದಿದ್ದರೆ ಉಂಡಂತೆ ಅಲ್ಲ. ಎಲೆಗೆ ಒಂದೇ ಎಣಿಸಿ ಮಾಡುವ ಸಿಹಿಗೆ ಒತ್ತಾಯ ಮಾಡುವುದು ಹೇಗೆ? ಅದಕ್ಕೆ ನಾನೊಂದು ಯುಕ್ತಿ ಕಂಡುಹಿಡಿದಿದ್ದೆ. ಎಣಿಕೆಗಿಂತ ಒಂದೇ ಒಂದು ಹೆಚ್ಚು ಮಾಡುವುದು. ಮನೆಯ ಯಜಮಾನರು ಅದನ್ನು ಬೆಳ್ಳಿ ತಟ್ಟೆಯಲ್ಲಿಟ್ಟುಕೊಂಡು, "ತಗೋರಿ, ಇನ್ನೊಂದು ತಗೋರಿ," ಎಂದು ಎಲ್ಲರ ಮುಂದೆ ಹಾಯುವುದು. ಎಲ್ಲರೂ, "ಬ್ಯಾಡ್ರಿ, ಹೊಟ್ಟಿ ಒಡೀತದ," ಎನ್ನುವುದು. ಒಂದೇ ಮಂಡಿಗೆ ಅರವತ್ತು ಮಂದಿಗೆ ಒತ್ತಾಯವಾಗಿ, ಕೊನೆಗೆ ಅಡಿಗೆ ಮನೆಗೆ ಹಾಗೇ ಮರಳುವುದು. ಹತ್ತು ವರ್ಷ ಈ ಯುಕ್ತಿ ಕೈಕೊಡಲಿಲ್ಲ.

ಒಬ್ಬ ವಕೀಲರ ಮನೆಯಲ್ಲಿ ಅಳಿಯನ ಮೊದಲ ದೀಪಾವಳಿ. ಮೂವತ್ತು ಎಲೆ. ನನ್ನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಆ ಸಲ ಉಂಡೆಗಳನ್ನೂ ನಾನೇ ಕಟ್ಟಿದ್ದೆ. ಮೂವತ್ತು, ಮೇಲೊಂದು. ಅಳಿಯ ಮೈಸೂರು ಕಡೆಯವನು, ಸಾಧು ಹುಡುಗ. ವಕೀಲರು ಬೆಳ್ಳಿ ತಟ್ಟೆ ಹಿಡಿದು ಮೊದಲು ಅವನ ಮುಂದೆಯೇ ನಿಂತು, "ಅಳಿಯಂದಿರ, ಇನ್ನೊಂದು ತಗೋರಿ," ಎಂದರು.

"ಹಾಕಿ ಮಾವ, ತುಂಬ ಚೆನ್ನಾಗಿದೆ," ಎಂದ ಅಳಿಯ.

ವಕೀಲರಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ, "ಸಂಕೋಚ ಬ್ಯಾಡ, ತಗೋರಿ," ಎಂದರು.

"ಸಂಕೋಚ ಇಲ್ಲ ಮಾವ, ಹಾಕಿ," ಎಂದ ಅವನು. ಅವನ ಊರಿನಲ್ಲಿ ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡವಂತೆ.

ಮಂಡಿಗೆ ಹೋಯಿತು. ಇನ್ನೂ ಇಪ್ಪತ್ತೊಂಬತ್ತು ಎಲೆಗಳಿಗೆ ಒತ್ತಾಯ ಬಾಕಿ. ವಕೀಲರು ಖಾಲಿ ತಟ್ಟೆ ಹಿಡಿದು ಅಡಿಗೆ ಮನೆಗೆ ಬಂದು ನನ್ನನ್ನೇ ನೋಡಿದರು. ನಾನು ಒಂದು ಬಾಳೆ ಎಲೆಯನ್ನು ಮಂಡಿಗೆಯ ಆಕಾರಕ್ಕೆ ಮಡಿಚಿ ತಟ್ಟೆಯಲ್ಲಿಟ್ಟು, ಮೇಲೆ ರೇಷ್ಮೆ ವಸ್ತ್ರ ಮುಚ್ಚಿ, "ಹೋಗಿ ಬರ್ರಿ," ಎಂದೆ. ಅವರು ಮರುಮಾತಿಲ್ಲದೆ ಹೊರಟರು. ಸಾಲಿನುದ್ದಕ್ಕೂ ಎಂಥ ಒತ್ತಾಯ ಮಾಡಿದರೆಂದರೆ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಲ್ಲರೂ ಕೈ ಅಡ್ಡ ಹಿಡಿದರು. ಮರಳಿ ಬರುವಾಗ ಅಳಿಯ ತಾನಾಗಿಯೇ ತಲೆ ಎತ್ತಿ, "ಮಾವ, ಇನ್ನೊಂದು," ಎಂದ.

ವಕೀಲರು ಒಂದು ಕ್ಷಣವೂ ತಡವರಿಸಲಿಲ್ಲ. "ನಮ್ಮ ಮಗಳ ಕುಂಕುಮದ ಕಾಳಜಿ ನನಗ ಅದರೀ," ಎಂದು ಮುಂದೆ ನಡೆದರು. ಆ ವಕೀಲರು ಕಚೇರಿಯಲ್ಲಿ ಯಾವ ದಾವೆಯನ್ನೂ ಸುಲಭಕ್ಕೆ ಸೋಲುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆ ದಾವೆಗಳ ವಸ್ತ್ರದ ಕೆಳಗೂ ಏನಿರುತ್ತದೆ ಎಂದು ನನಗೆ ಅಂದು ತಿಳಿಯಿತು.

ನಮ್ಮ ಮನೆಯ ಪದ್ಧತಿ

ಇನ್ನು ನನ್ನ ಮಗಳ ಮದುವೆ. ಯುದ್ಧದ ಕಾಲ, ಸಕ್ಕರೆಯೆಲ್ಲ ಕಾರ್ಡಿನ ಮೇಲೆ. ವರನ ತಂದೆ ಬೆಳಗಾವಿ ಕಡೆಯ ನಿವೃತ್ತ ಶಾಲಾ ಮಾಸ್ತರರು. ನಿಶ್ಚಯದ ದಿನ ಅವರು ಹೇಳಿದ್ದು ಒಂದೇ ಮಾತು.

"ವರದಕ್ಷಿಣಿ ಬ್ಯಾಡ, ಉಡುಗೊರಿ ಬ್ಯಾಡ. ತಲೆಗೊಂದು ಆಚಾರ್ರ ಬೀಗತನ ಅಂತ ಬಂದೀವಿ. ಮಂಡಿಗಿ ಇಲ್ಲದ ಒಂದ ಎಲಿನೂ ಏಳಬಾರದು, ಇಷ್ಟ ನಮ್ಮ ಬೇಡಿಕಿ."

ನಾನು ನಕ್ಕುಬಿಟ್ಟೆ. ಇಪ್ಪತ್ತು ವರ್ಷ ಊರವರ ಮದುವೆಯಲ್ಲಿ ತಪ್ಪದ ಎಣಿಕೆ ನನ್ನ ಮಗಳ ಮದುವೆಯಲ್ಲಿ ತಪ್ಪುತ್ತದೆಯೇ? ವಾಡೆಯ ಮಂದಿಯೆಲ್ಲ ತಮ್ಮ ತಮ್ಮ ಕಾರ್ಡಿನಿಂದ ಒಂದೊಂದು ಬಟ್ಟಲು ಸಕ್ಕರೆ ತಂದು ಕೊಟ್ಟರು. ಬೀಗರ ಕಡೆ ನಲವತ್ತು ಎಲೆ, ನಮ್ಮ ಕಡೆ ಇಪ್ಪತ್ತು. ಅರವತ್ತು ಮಂಡಿಗೆ, ಒತ್ತಾಯಕ್ಕೆ ಒಂದು. ಅರವತ್ತೆರಡನೆಯದಕ್ಕೆ ಒಂದು ಚಿಟಿಕೆ ಸಕ್ಕರೆಯೂ ಉಳಿಯಲಿಲ್ಲ.

ಹೆಂಡತಿ ಹೆಣ್ಣಿನ ತಾಯಿ. ದೇವರ ಕಾರ್ಯ, ಶಾಸ್ತ್ರ, ಕನ್ಯಾದಾನ ಎಂದು ಅವಳಿಗೆ ಬಾಣಲೆಯ ಕಡೆ ಬರಲು ಬಿಡುವೇ ಇರಲಿಲ್ಲ. ಹಿಂದಿನ ದಿನ ಎರಡು ಸಲ ಬಾಗಿಲಲ್ಲಿ ನಿಂತು, "ಎಲ್ಲಾರನ್ನೂ ಎಣಿಸೀರಿ ಹೌದಲ್ರಿ?" ಎಂದು ಕೇಳಿದಳು. "ನನಗ ಕಲಿಸಬ್ಯಾಡ," ಎಂದೆ. ಉಂಡೆಗಳನ್ನೂ ನಾನೇ ಕಟ್ಟಿದೆ.

ಮಧ್ಯಾಹ್ನ ಪಂಕ್ತಿ ಬಿತ್ತು. ಅರವತ್ತು ಎಲೆಗೆ ಅರವತ್ತು ಮಂಡಿಗೆ, ಒಂದೂ ಮುರಿಯಲಿಲ್ಲ. ನಾನು ಬೆಳ್ಳಿ ತಟ್ಟೆಯಲ್ಲಿ ಒತ್ತಾಯದ ಮಂಡಿಗೆ ಹಿಡಿದು ಸಾಲಿನುದ್ದಕ್ಕೂ ಹಾಯ್ದೆ. ಎಲ್ಲರೂ ಬೆಳಗಾವಿ ಕಡೆಯ ಮರ್ಯಾದಸ್ಥರು, ಐವತ್ತೊಂಬತ್ತು ಮಂದಿ ಬೇಡವೆಂದರು. ಕೊನೆಯ ಎಲೆ ಬೀಗರದು.

"ತಗೋರಿ ಬೀಗರ, ಇನ್ನೊಂದು."

ಅವರು ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ. ಕೈ ತೊಡೆಯ ಮೇಲೆ ಇಟ್ಟುಕೊಂಡು, "ಹಾಕ್ರಿ," ಎಂದರು.

ವಕೀಲರ ಅಳಿಯ ನೆನಪಾದ. ಹೋದರೆ ಹೋಗಲಿ ಎಂದು ಬಾಗಿದೆ. ಬೀಗರು ನನ್ನ ಕೈ ಹಿಡಿದು ನಿಲ್ಲಿಸಿದರು.

"ನನಗಲ್ರಿ," ಎಂದರು ಮೆಲ್ಲಗೆ. "ಅಲ್ಲಿ ನೋಡ್ರಿ. ನಿಮ್ಮ ಅಳಿಯನ ಎಲಿ ಖಾಲಿ ಅದ. ನಿಮ್ಮ ಮಗಳದೂ ಖಾಲಿ ಅದ."

ನೋಡಿದೆ. ಮದುಮಕ್ಕಳ ಎಲೆಗಳು ಪಂಕ್ತಿಯಲ್ಲಿ ಬೀಳುವುದಿಲ್ಲ, ಮಂಟಪದ ಹತ್ತಿರ ರಂಗೋಲಿ ಹಾಕಿ ಬೇರೆ ಹಾಕಿರುತ್ತಾರೆ. ಆ ಎರಡು ಎಲೆಗಳ ಮುಂದೆ ಹುಡುಗ ಹುಡುಗಿ ತಲೆ ತಗ್ಗಿಸಿ ಕೂತಿದ್ದರು. ಹಾಲಿನ ಬಟ್ಟಲು ಬಂದಿತ್ತು, ಮಂಡಿಗೆ ಬಂದಿರಲಿಲ್ಲ. ಮದುವೆಗೆ ಬಂದವರನ್ನೆಲ್ಲ ಎಣಿಸಿದ್ದೆ, ಮದುವೆಯಾದವರನ್ನು ಬಿಟ್ಟಿದ್ದೆ.

ಅರವತ್ತು ಮಂದಿಯೂ ಹಾಲು ಸುರಿದುಕೊಳ್ಳುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ಬೀಗರ ಬೇಡಿಕೆ ಒಂದೇ ಇತ್ತು, ಎಲೆ ಎರಡಿದ್ದವು, ಮಂಡಿಗೆ ಒಂದಿತ್ತು.

ಆಗ ಮಂಟಪದ ಕಡೆಯಿಂದ ನನ್ನ ಹೆಂಡತಿಯ ದನಿ ಬಂತು. ಏನೂ ಆಗಿಲ್ಲವೆಂಬಂತೆ ಇತ್ತು ಆ ದನಿ.

"ಯಾಕ ನಿಂತೀರಿ? ತರ್ರಿ ಇಲ್ಲೆ. ಬೀಗರ, ಇದು ನಮ್ಮ ಮನೀ ಪದ್ಧತಿ ಅದರೀ. ಎಲ್ಲಾರ ಎಲಿ ಮುಂದನೂ ಹಾದು, ಎಲ್ಲಾರೂ ಬ್ಯಾಡ ಅಂದು ಬಿಟ್ಟ ಮಂಡಿಗಿನ ಕಡೀಕ ಮದುಮಕ್ಕಳಿಗೆ ಬರಬೇಕು. ಅಂದರ ಎಲ್ಲಾರ ಆಶೀರ್ವಾದನೂ ಅದರಾಗ ಕೂಡಿರತದ. ಒಂದ ಮಂಡಿಗಿ, ಎರಡೂ ಕಡೆ ಇಬ್ಬರೂ ಹಿಡಿದು ಮುರೀಬೇಕು. ಯಾರ ಕೈಯಾಗ ದೊಡ್ಡ ಚೂರು ಬರತದ, ಅವರ ಮಾತು ಮನಿಯೊಳಗ ನಡೀತದ."

ಸಭೆಯಲ್ಲಿ ಉಸಿರು ಬಂತು. ಹೆಂಗಸರು ಎದ್ದು ಸುತ್ತ ನಿಂತರು. ಹುಡುಗ ಹುಡುಗಿ ನಾಚಿಕೊಂಡು ಹಿಡಿದು ಮುರಿದರು. ದೊಡ್ಡ ಚೂರು ನನ್ನ ಮಗಳ ಕೈಗೆ ಬಂತು, ಪಂಕ್ತಿಯೆಲ್ಲ ನಕ್ಕಿತು. ಬೀಗರು ಕನ್ನಡಕ ಒರೆಸಿಕೊಂಡು, "ನೋಡ್ರಿ, ಎಂಥಾ ಪದ್ಧತಿ. ನಮ್ಮ ಕಡೆ ಇದೆಲ್ಲಾ ಮರತು ಹೋಗೇದ," ಎಂದರು. ಪಕ್ಕದಲ್ಲಿದ್ದ ಪುರೋಹಿತರು, ತಮಗೆ ಗೊತ್ತಿಲ್ಲ ಎನ್ನಲಾಗದೆ, ಹೌದು ಹೌದು, ಹಳೇ ಶಾಸ್ತ್ರ ಎಂದು ತಲೆ ಆಡಿಸಿದರು.

ಮರುದಿನ ಮಗಳನ್ನು ಕಳಿಸಿ ಬಂದ ಮೇಲೆ ಹೆಂಡತಿಯನ್ನು ಕೇಳಿದೆ.

"ನಮ್ಮ ಮನಿಯೊಳಗ ಈ ಪದ್ಧತಿ ಎಂದಿನಿಂದ ಇತ್ತು?"

"ನಿನ್ನೆಯಿಂದ," ಎಂದಳು.

"ಮತ್ತ ಇಷ್ಟು ವರ್ಷ ಊರವರ ಮದುವಿಯೊಳಗ ಮದುಮಕ್ಕಳಿಗೆ ಮಂಡಿಗಿ ಎಲ್ಲಿಂದ ಬರತಿತ್ತು?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀವು ಪಂಕ್ತಿಯೊಳಗ ಕೂತವರನ್ನಷ್ಟ ಎಣಿಸತೀರಿ. ಮದುಮಕ್ಕಳನ್ನ ಎಣಿಸೂದಿಲ್ಲ, ಪುರೋಹಿತರನ್ನ ಎಣಿಸೂದಿಲ್ಲ, ಬಡಿಸೋರನ್ನೂ ಎಣಿಸೂದಿಲ್ಲ. ಉಂಡಿ ಕಟ್ಟಾಕಿ ನಾ. ಒಂದೊಂದು ಉಂಡಿಯಾಗ ಒಂದೊಂದು ಚಿಟಿಕಿ ಕಿತ್ತು, ಹತ್ತು ಹದಿನೈದು ಹೆಚ್ಚಿಗಿ ಕಟ್ಟತಿದ್ದೆ. ನೀವು ಎಳಿಯೋ ಭರದಾಗ ಎಣಿಸತಿದ್ದಿಲ್ಲ. ಬುಟ್ಟೀ ತಳದಾಗ ಇಟ್ಟುಕೊಂಡು ಬರತಿದ್ದೆ."

"ಟಾಂಗಾದ ದೇವರು?"

"ಹೌದು, ಅದೂ ನಾನ."

ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಇಪ್ಪತ್ತು ವರ್ಷ ನನ್ನ ಹೆಸರನ್ನು ಬುಟ್ಟಿಯ ತಳದಲ್ಲಿ ಹೊತ್ತವಳು, ಒಂದು ದಿನವೂ ಹೇಳಿಕೊಂಡವಳಲ್ಲ. ಇಷ್ಟು ವರ್ಷ ನಾನು ಅವಳಿಗೆ ಒಂದು ಮಂಡಿಗೆಯನ್ನೂ ಎಣಿಸಿ ಇಟ್ಟಿರಲಿಲ್ಲ ಎಂಬುದೂ ಆಗಲೇ ಹೊಳೆಯಿತು. ನಾಚಿಕೆಯಾಯಿತು.

ಮುಂದಿನ ಮಾಘದಲ್ಲಿ ಸದಾಶಿವ ಪೇಟೆಯ ಒಂದು ಮದುವೆಗೆ ಕರೆ ಬಂತು. ಈ ಸಲ ಬುದ್ಧಿ ಕಲಿತಿದ್ದೆ. ಎಲ್ಲರನ್ನೂ ಎಣಿಸಿದೆ. ಪುರೋಹಿತರು, ಬಡಿಸುವವರು, ಎಲ್ಲಕ್ಕಿಂತ ಮೊದಲು ಮದುಮಕ್ಕಳಿಗೆ ಎರಡು. ಅವರ ಎಲೆಗಳಿಗೆ ನಾನೇ ಹೋಗಿ ಬಡಿಸಿದೆ. ಎರಡನೆಯದನ್ನು ಇಡುವಷ್ಟರಲ್ಲಿ, ನನ್ನ ಮಗಳ ಮದುವೆ ಮಾಡಿಸಿದ್ದ ಅದೇ ಪುರೋಹಿತರು ನನ್ನ ಕೈ ಹಿಡಿದರು.

"ಏನ್ ಮಾಡತೀರಿ ಆಚಾರ್ರ? ನಿಮ್ಮ ಮನಿಯೊಳಗ ನಡೆದ ಶಾಸ್ತ್ರ ನೀವ ಮರತೀರೇನು? ಮದುಮಕ್ಕಳಿಗೆ ಒಂದ ಮಂಡಿಗಿ. ಎರಡು ಹಾಕಿದರ ಮನಿ ಎರಡಾಗತದ."

ಒಂದನ್ನು ಎತ್ತಿಕೊಂಡು ಬರಬೇಕಾಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಎಣಿಸಿದ್ದೆ, ಆಗಲೂ ಎಣಿಕೆ ತಪ್ಪಿತು. ಉಳಿದ ಆ ಮಂಡಿಗೆಯನ್ನು ವಸ್ತ್ರದಲ್ಲಿ ಸುತ್ತಿ ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟೆ. ನಡೆದದ್ದು ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇದು ನಿನ್ನ ಪಾಲಿಂದು," ಎಂದೆ. "ನಾ ಎಣಿಸಿ ಇಟ್ಟದ್ದು."

"ಹಂಗ ಒಬ್ಬಾಕಿನ ತಿನ್ನೂದು ಬ್ಯಾಡ," ಎಂದಳು. "ಹಿಡೀರಿ ಆ ಕಡೆ. ನಮ್ಮ ಮನೀ ಪದ್ಧತಿ ಅದ."

ಹಿಡಿದೆ. ಮುರಿಯಿತು. ನನ್ನ ಬೆರಳುಗಳ ನಡುವೆ ಉಗುರಿನಷ್ಟು ಚೂರು ಉಳಿದಿತ್ತು, ಮಿಕ್ಕ ಮಂಡಿಗೆಯೆಲ್ಲ ಅವಳ ಕೈಯಲ್ಲಿತ್ತು. ಅವಳು ಅದನ್ನು ನೋಡಿ, ನನ್ನನ್ನು ನೋಡಿ, "ಹೊಸಾದೇನಲ್ಲ ಬಿಡ್ರಿ," ಎಂದು ಹಾಲು ತರಲು ಎದ್ದಳು.